ಹಳೆಯ ಗೇರ್‌ಬಾಕ್ಸ್: ಮಾರುವುದೋ, ಗುಜರಿಗೆ ಹಾಕುವುದೋ?

ಕಾರು ಗುಜರಿ ಸೇರಿದೆ, ಇಲ್ಲವೇ ಅದಕ್ಕೆ ಬೇರೆ ಗೇರ್‌ಬಾಕ್ಸ್ ಕೂರಿಸಿ ಆಗಿದೆ. ಬಿಚ್ಚಿ ಇಟ್ಟ ಹಳೆಯ ಮ್ಯಾನ್ಯುವಲ್ ಗೇರ್‌ಬಾಕ್ಸ್ ಒಂದು ಮೂಲೆಯಲ್ಲಿ ಆಯಿಲ್ ಸೋರಿಸುತ್ತಾ ಕೂತಿದೆ. ಇದಕ್ಕೆ ಏನಾದರೂ ಬೆಲೆ ಬಂದೀತೇ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಎರಡೇ ಮಾತು: ಅದನ್ನು ಬಿಚ್ಚಿ ನೋಡಲು ಹೋಗಬೇಡಿ, ಅದರ ಮೇಲಿರುವ ಸಣ್ಣ ತಗಡು, ಚೀಟಿ, ಬಣ್ಣದ ಗುರುತು ಯಾವುದನ್ನೂ ಅಳಿಸಬೇಡಿ.

ಗೇರ್‌ಬಾಕ್ಸ್ ರಿಪೇರಿ ನನ್ನ ಕಸುಬು. ಜನ ಮಾಡುವ ಲೆಕ್ಕಾಚಾರ ಹೆಚ್ಚಾಗಿ ತಲೆಕೆಳಗಾಗಿರುವುದನ್ನು ನೋಡುತ್ತಲೇ ಬಂದಿದ್ದೇನೆ. ಹೊಳೆಯುವ, ಹೆಚ್ಚು ಓಡದ ಪೆಟ್ಟಿಗೆ ಕೈಯಲ್ಲಿದ್ದರೆ ದೊಡ್ಡ ಬೆಲೆ ಬರುತ್ತದೆ ಎಂದುಕೊಳ್ಳುತ್ತಾರೆ. ಜಿಡ್ಡುಗಟ್ಟಿದ ಮೂವತ್ತು ವರ್ಷದ ಪೆಟ್ಟಿಗೆಯನ್ನು ತೂಕಕ್ಕೆ ಹಾಕುತ್ತಾರೆ. ಬೆಲೆ ಕಟ್ಟುವುದು ಪೆಟ್ಟಿಗೆಯ ವಯಸ್ಸಲ್ಲ, ಅದು ಬೇಕಾಗಿ ನಿಂತಿರುವ ಕಾರು. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಎಷ್ಟು ಚೆನ್ನಾಗಿದೆ?’ ಎಂಬುದಲ್ಲ, ‘ಇದು ಯಾರಿಗೆ ಬೇಕು?’ ಎಂಬುದು.

ಯಾರಿಗೆ ಬೇಕು?

ಹಳೆಯ ಗೇರ್‌ಬಾಕ್ಸ್ ಹುಡುಕುವವರು ಮೂರು ಬಗೆ. ಅದೇ ಮಾದರಿಯ ಕಾರು ಇಟ್ಟುಕೊಂಡು, ಗೇರ್‌ಬಾಕ್ಸ್ ಕೆಟ್ಟು ನಿಂತವರು ಮೊದಲನೆಯವರು. ಹಳೆಯ ಕಾರನ್ನು ಮೂಲ ಸ್ಥಿತಿಗೆ ತರಲು ಹೊರಟವರು ಎರಡನೆಯವರು. ಆಟೊಮ್ಯಾಟಿಕ್ ಕಾರನ್ನು ಮ್ಯಾನ್ಯುವಲ್ ಮಾಡುವವರು, ಕಾರಿಗೆ ಬೇರೆ ಎಂಜಿನ್ ಕೂರಿಸುವವರು ಮೂರನೆಯವರು. ಕೈತುಂಬಾ ಹಣ ಕೊಡುವವರು ಸಾಮಾನ್ಯವಾಗಿ ಕೊನೆಯ ಎರಡು ಗುಂಪಿನವರು.

ಟೊಯೋಟಾದ ಪೆಟ್ಟಿಗೆಗಳನ್ನೇ ನೋಡಿ. ಡಬ್ಲ್ಯು58, ಆರ್154, ವಿ160 ಮೂರೂ ಹಿಂಬದಿ ಚಕ್ರ ಚಾಲನೆಯ ಕಾರುಗಳಲ್ಲಿ ಬಂದವು. ಡಬ್ಲ್ಯು58 ಟರ್ಬೊ ಇಲ್ಲದ ಕಾರುಗಳ ಐದು ಗೇರಿನ ಪೆಟ್ಟಿಗೆ. ಆರ್154 ಟರ್ಬೊ ಎಂಜಿನ್ನಿನ ಹಿಂದೆ ನಿಲ್ಲುವಷ್ಟು ಗಟ್ಟಿ. ವಿ160 ಗೆಟ್ರಾಗ್ ಕಂಪನಿ ತಯಾರಿಸಿದ ಆರು ಗೇರಿನ ಪೆಟ್ಟಿಗೆ. 1993ರಲ್ಲಿ ಬಂದ ಸುಪ್ರಾದ ಟರ್ಬೊ ಮಾದರಿಯಲ್ಲಿತ್ತು. ಎಂಜಿನ್ ಶಕ್ತಿ ಹೆಚ್ಚಿಸುವವರು ಮೊದಲನೆಯದನ್ನು ಬಿಟ್ಟು ಉಳಿದೆರಡರ ಹಿಂದೆ ಬೀಳುತ್ತಾರೆ. ಬೋರ್ಗ್-ವಾರ್ನರ್ ರೂಪಿಸಿದ ಟಿ-56 ಆರು ಗೇರಿನ ಪೆಟ್ಟಿಗೆ 1992ರ ಡಾಡ್ಜ್ ವೈಪರ್‌ನಲ್ಲಿ ಮೊದಲು ಬಂತು, ಆಮೇಲೆ ಕ್ಯಾಮರೊದಂಥ ಕಾರುಗಳಿಗೂ ಬಂತು. ವಿ-8 ಎಂಜಿನ್ ಕೂರಿಸುವವರು ಅದನ್ನು ಇಂದಿಗೂ ಬಿಡುವುದಿಲ್ಲ. ಇಂಥವು ಕೆಟ್ಟು ಹೋಗಿದ್ದರೂ ಗುಜರಿಗೆ ಹಾಕುವ ವಸ್ತುಗಳಲ್ಲ.

ಇನ್ನೊಂದು ತುದಿಯಲ್ಲಿ, ಲಕ್ಷಗಟ್ಟಲೆ ಮಾರಾಟವಾದ ಸಣ್ಣ ಮುಂಬದಿ ಚಾಲನೆಯ ಕಾರುಗಳ ಐದು ಗೇರಿನ ಪೆಟ್ಟಿಗೆಗಳಿವೆ. ಅವು ಕೆಟ್ಟವಲ್ಲ, ಎಷ್ಟು ಗಟ್ಟಿ ಎಂದರೆ ಕಾರಿನ ಮೈ ತುಕ್ಕು ಹಿಡಿದು ಹೋದರೂ ಪೆಟ್ಟಿಗೆ ಉಳಿದಿರುತ್ತದೆ. ಅದರಿಂದಲೇ ಬೆಲೆ ಇಲ್ಲ. ಪ್ರತಿ ಗುಜರಿ ಅಂಗಳದಲ್ಲೂ ಅವು ಸಿಗುತ್ತವೆ, ಕೊಳ್ಳುವವನಿಗೆ ಅವಸರವಿಲ್ಲ.

ಇವೆರಡರ ನಡುವೆ ಇನ್ನೊಂದು ವರ್ಗವಿದೆ, ಅಲ್ಲಿ ಎಚ್ಚರ ಬೇಕು. ಕೆಲವು ಪೆಟ್ಟಿಗೆಗಳು ಬೇಗ ಕೆಡುವುದಕ್ಕೇ ಹೆಸರಾದವು. ಓಪೆಲ್ ಮತ್ತು ಫಿಯಾಟ್ ಕಾರುಗಳಲ್ಲಿ ಬಂದ ಎಂ32 ಎಂಬ ಆರು ಗೇರಿನ ಪೆಟ್ಟಿಗೆಯಲ್ಲಿ ಬೇರಿಂಗ್ ಸವೆಯುತ್ತದೆ. ಆಕ್ಸಿಲರೇಟರ್ ಒತ್ತಿ ಬಿಟ್ಟಂತೆ ಗೇರ್ ಲಿವರ್ ಹಿಂದೆ ಮುಂದೆ ಚಲಿಸುವುದು ಅದರ ಲಕ್ಷಣ. ಹೊಸ ಮಿನಿ ಕೂಪರ್‌ನ ಆರಂಭದ ವರ್ಷಗಳ ಐದು ಗೇರಿನ ಪೆಟ್ಟಿಗೆಯೂ ಇಂಥದ್ದೇ. 2004ರಲ್ಲಿ ಅದರ ಜಾಗಕ್ಕೆ ಗೆಟ್ರಾಗ್ ಪೆಟ್ಟಿಗೆ ಬಂತು. ಬೇಗ ಕೆಡುವುದರಿಂದ ಇವುಗಳಿಗೆ ಗಿರಾಕಿ ಇದ್ದೇ ಇದ್ದಾನೆ. ಆದರೆ ನಿಮ್ಮ ಕೈಯಲ್ಲಿರುವುದೂ ಅದೇ ರೋಗದ್ದಾಗಿರುವ ಸಂಭವ ಹೆಚ್ಚು, ಮತ್ತು ಅದು ಗಿರಾಕಿಗೂ ಗೊತ್ತು. ಇಲ್ಲಿ ಪೆಟ್ಟಿಗೆ ಸರಿ ಇದೆ ಎಂಬುದಕ್ಕೆ ಪುರಾವೆ ಇದ್ದರಷ್ಟೇ ಬೆಲೆ.

ಗುರುತು ಹಿಡಿಯುವುದು

ಮಾರಲು ಹೊರಟವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಹೊರಕವಚದ ಮೇಲೆ ಎದ್ದು ಕಾಣುವ ದೊಡ್ಡ ಸಂಖ್ಯೆಯನ್ನು ಓದಿ ಅದೇ ಮಾದರಿ ಸಂಖ್ಯೆ ಎಂದು ತಿಳಿಯುತ್ತಾರೆ. ಅದು ಎರಕದ ಸಂಖ್ಯೆ. ಯಾವ ಅಚ್ಚಿನಲ್ಲಿ ಕವಚ ಎರೆದರು ಎಂಬುದನ್ನು ಹೇಳುತ್ತದೆಯೇ ಹೊರತು ಒಳಗೆ ಯಾವ ಗೇರುಗಳಿವೆ ಎಂಬುದನ್ನಲ್ಲ. ಒಂದೇ ಕವಚದಲ್ಲಿ ನಾಲ್ಕಾರು ಬಗೆಯ ಗೇರ್ ಜೋಡಣೆ ಬಂದಿರಬಹುದು. ನಿಮಗೆ ಬೇಕಾದದ್ದು ಕೊರೆದ ಅಥವಾ ಗುದ್ದಿದ ಚಿಕ್ಕ ಸಂಕೇತ, ಇಲ್ಲವೇ ಬೋಲ್ಟಿಗೆ ಸಿಕ್ಕಿಸಿದ ತಗಡು. ಫೋಕ್ಸ್‌ವ್ಯಾಗನ್ ಪೆಟ್ಟಿಗೆಗಳಲ್ಲಿ ಅಕ್ಷರಗಳ ಸಂಕೇತವನ್ನು ಕವಚದ ಮೇಲೆಯೇ ಗುದ್ದಿರುತ್ತಾರೆ. ಬೋರ್ಗ್-ವಾರ್ನರ್ ಟಿ-5 ಪೆಟ್ಟಿಗೆಯಲ್ಲಿ ಹಿಂಭಾಗದ ಬೋಲ್ಟಿನಡಿ 1352ರಿಂದ ಶುರುವಾಗುವ ಸಂಖ್ಯೆಯ ಪುಟ್ಟ ತಗಡು ಇರುತ್ತದೆ. ಆ ತಗಡು ಇದ್ದರೆ ಮಾತು ಮುಗಿಯಿತು. ಇಲ್ಲದಿದ್ದರೆ ಗಿರಾಕಿ ಕೆಟ್ಟದ್ದನ್ನೇ ಊಹಿಸಿ ಬೆಲೆ ಇಳಿಸುತ್ತಾನೆ.

ತಗಡು ಇಲ್ಲವೆಂದು ಕೈಚೆಲ್ಲಬೇಕಿಲ್ಲ. ಗೇರ್ ಅನುಪಾತವನ್ನು, ಅಂದರೆ ಪೆಟ್ಟಿಗೆಯಿಂದ ಹೊರಡುವ (ಔಟ್‌ಪುಟ್) ಶಾಫ್ಟ್ ಒಂದು ಸುತ್ತು ಬರಲು ಎಂಜಿನ್ ಕಡೆಯ (ಇನ್‌ಪುಟ್) ಶಾಫ್ಟ್ ಎಷ್ಟು ಸುತ್ತಬೇಕು ಎಂಬುದನ್ನು, ನೀವೇ ಎಣಿಸಬಹುದು. ಒಂದನೇ ಗೇರ್ ಹಾಕಿ. ಹಿಂಬದಿ ಚಾಲನೆಯ ಪೆಟ್ಟಿಗೆಯಾದರೆ ಇನ್‌ಪುಟ್ ಶಾಫ್ಟ್‌ಗೂ ಔಟ್‌ಪುಟ್ ಶಾಫ್ಟ್‌ಗೂ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಔಟ್‌ಪುಟ್ ಸರಿಯಾಗಿ ಒಂದು ಸುತ್ತು ಬರುವವರೆಗೆ ಇನ್‌ಪುಟ್ ಶಾಫ್ಟನ್ನು ಕೈಯಿಂದ ತಿರುಗಿಸಿ, ಸುತ್ತು ಎಣಿಸಿ. ಮೂರು ಸುತ್ತಿನ ಮೇಲೆ ಮೂರನೇ ಒಂದು ಭಾಗಕ್ಕಿಂತ ಒಂದಿಷ್ಟು ಹೆಚ್ಚು ಬಂದರೆ ಅನುಪಾತ 3.35ರ ಆಸುಪಾಸು. ಫೋರ್ಡ್ ಮಸ್ಟ್ಯಾಂಗ್ ವಿ-8ರಲ್ಲಿ 1985ರಿಂದ ಬಂದ ಟಿ-5 ಇದೇ. ನಾಲ್ಕು ಸುತ್ತಿನ ಹತ್ತಿರ ಬಂದರೆ ಅದು ನಾಲ್ಕು ಸಿಲಿಂಡರಿನ ಕಾರಿನ ಪೆಟ್ಟಿಗೆಯಾಗಿರುವ ಸಂಭವ ಹೆಚ್ಚು. ಹೊರನೋಟಕ್ಕೆ ಎರಡೂ ಒಂದೇ, ಬೆಲೆಯಲ್ಲಿ ಅಲ್ಲ.

ಮುಂಬದಿ ಚಾಲನೆಯ ಪೆಟ್ಟಿಗೆಯಲ್ಲಿ ಡಿಫರೆನ್ಶಿಯಲ್ (ಎರಡು ಬದಿಯ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಜೋಡಣೆ) ಒಳಗೇ ಇರುವುದರಿಂದ ಲೆಕ್ಕ ಸ್ವಲ್ಪ ಬೇರೆ. ಒಂದು ಬದಿಯ ಆಕ್ಸಲ್ ಜಾಗವನ್ನು ಅಲ್ಲಾಡದಂತೆ ಹಿಡಿದರೆ ಇನ್ನೊಂದು ಬದಿ ಎರಡರಷ್ಟು ತಿರುಗುತ್ತದೆ. ಆದ್ದರಿಂದ ಆ ಬದಿ ಒಂದು ಸುತ್ತು ಬರುವವರೆಗೆ ಎಣಿಸಿದ ಇನ್‌ಪುಟ್ ಸುತ್ತನ್ನು ಎರಡರಿಂದ ಗುಣಿಸಿ. ಬರುವುದು ಆ ಗೇರಿನ ಅನುಪಾತ ಮತ್ತು ಫೈನಲ್ ಡ್ರೈವ್ (ಡಿಫರೆನ್ಶಿಯಲ್ ತಿರುಗಿಸುವ ಕೊನೆಯ ಗೇರ್ ಜೋಡಿ) ಅನುಪಾತಗಳ ಗುಣಲಬ್ಧ. ತಯಾರಕರ ಪಟ್ಟಿಯ ಜೊತೆ ಹೋಲಿಸಲು ಅಷ್ಟು ಸಾಕು.

ಡಿಫರೆನ್ಶಿಯಲ್ ವಿಷಯ ಬಂದಾಗ ಲಿಮಿಟೆಡ್ ಸ್ಲಿಪ್ (ಒಂದು ಚಕ್ರ ಮಾತ್ರ ಬರಿದೇ ಸುತ್ತದಂತೆ ತಡೆಯುವ ಬಗೆ) ಇದೆಯೇ ಎಂದು ನೋಡದೆ ಬಿಡಬೇಡಿ. ಹೋಂಡಾದಂಥ ಪೆಟ್ಟಿಗೆಗಳಲ್ಲಿ ಇದೊಂದೇ ಸಂಗತಿ ಸಾಮಾನ್ಯ ಪೆಟ್ಟಿಗೆಯನ್ನು ಬೇಡಿಕೆಯ ಪೆಟ್ಟಿಗೆಯಾಗಿಸುತ್ತದೆ. ಆಕ್ಸಲ್ ಕೂರುವ ರಂಧ್ರದಲ್ಲಿ ಟಾರ್ಚ್ ಬಿಟ್ಟು ನೋಡಿ. ಸಾಧಾರಣ ಡಿಫರೆನ್ಶಿಯಲ್ ಆದರೆ ನಡುವೆ ಅಡ್ಡಲಾಗಿ ಒಂದು ಉಕ್ಕಿನ ಪಿನ್ ಕಾಣುತ್ತದೆ. ಹೋಂಡಾದ ಹೆಲಿಕಲ್ ಬಗೆಯ ಲಿಮಿಟೆಡ್ ಸ್ಲಿಪ್ ಆದರೆ ಆ ಪಿನ್ ಇರುವುದಿಲ್ಲ, ಆಚೆ ಬದಿಯ ಬೆಳಕು ನೇರವಾಗಿ ಕಾಣುತ್ತದೆ. ನನ್ನಲ್ಲಿಗೆ ತೂಕಕ್ಕೆಂದು ಬಂದ ಒಂದು ಪೆಟ್ಟಿಗೆಯಲ್ಲಿ ಹೀಗೆ ಟಾರ್ಚ್ ಬಿಟ್ಟಾಗ ಎದುರಿಗಿದ್ದವರ ಪ್ಯಾಂಟಿನ ಬಣ್ಣ ಕಂಡಿತು. ಅದನ್ನು ತಂದವರು ತಕ್ಕಡಿಯಿಂದ ಇಳಿಸಿಕೊಂಡು ಮನೆಗೆ ಒಯ್ದರು.

1963ರಿಂದ 1974ರವರೆಗೆ ಬಂದ ಜನರಲ್ ಮೋಟರ್ಸ್‌ನ ಮನ್ಸೀ ನಾಲ್ಕು ಗೇರಿನ ಪೆಟ್ಟಿಗೆ ಗುರುತಿನ ವಿಚಾರಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಎಂ20, ಎಂ21, ಎಂ22 ಎಂಬ ಮೂರು ಬಗೆ. ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ (ತುದಿಯ ಉದ್ದುದ್ದ ಹಲ್ಲುಗಳು) ಮೇಲೆ ಸಾಮಾನ್ಯವಾಗಿ ಎರಡು ಉಂಗುರದ ಗೆರೆ ಇದ್ದರೆ ಎಂ20, ಒಂದಿದ್ದರೆ ಎಂ21, ಒಂದೂ ಇಲ್ಲದಿದ್ದರೆ ಎಂ22. ಶಾಫ್ಟ್ ಬದಲಾಗಿರಬಹುದಾದ್ದರಿಂದ ಸುತ್ತು ಎಣಿಸಿಯೂ ನೋಡಬೇಕು. ಎಂ22ರ ಗೇರ್ ಹಲ್ಲುಗಳು ಹೆಚ್ಚು ನೇರವಾಗಿರುವುದರಿಂದ ಅದು ಓಡುವಾಗ ಕಿರುಗುಟ್ಟುತ್ತದೆ. ‘ಕಲ್ಲು ಪುಡಿಮಾಡುವ ಯಂತ್ರ’ ಎಂಬ ಅಡ್ಡಹೆಸರು ಬಂದದ್ದೇ ಅದರಿಂದ. ಮೂರರಲ್ಲಿ ಜನ ಹುಡುಕಿಕೊಂಡು ಬರುವುದು ಅದನ್ನೇ. ಆ ಸದ್ದನ್ನು ದೋಷವೆಂದು ತಿಳಿದು ಮಾರಿದರೆ ನಷ್ಟ ನಿಮ್ಮದು. ಇಂಥ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಕಾರಿನ ಗುರುತು ಸಂಖ್ಯೆಯ ಒಂದು ಭಾಗವನ್ನೂ ಗುದ್ದಿರುತ್ತಾರೆ. ಆ ಕಾರು ಇನ್ನೂ ಉಳಿದಿದ್ದರೆ, ಅದರ ಮಾಲೀಕ ಈ ಪೆಟ್ಟಿಗೆಗೆ ಬೇರೆ ಯಾರೂ ಕೊಡದ ಬೆಲೆ ಕೊಡಬಲ್ಲ. ಆ ಸಂಖ್ಯೆಯನ್ನು ಉಜ್ಜಿ ತೆಗೆಯಬೇಡಿ. ಬೆಲೆಯೂ ಹೋಗುತ್ತದೆ, ಹಲವು ದೇಶಗಳಲ್ಲಿ ಅದು ಅಪರಾಧ ಕೂಡ.

ಬಿಚ್ಚದೆ ಪರೀಕ್ಷಿಸುವುದು

ಪೆಟ್ಟಿಗೆ ಇನ್ನೂ ಓಡುವ ಕಾರಿನಲ್ಲಿಯೇ ಇದ್ದರೆ ನಿಮ್ಮ ಅದೃಷ್ಟ. ಇಳಿಸುವ ಮೊದಲು ಓಡಿಸಿ, ಮೊಬೈಲಿನಲ್ಲಿ ವಿಡಿಯೊ ಮಾಡಿ. ಎಲ್ಲ ಗೇರುಗಳೂ ಬೀಳುವುದು, ರಿವರ್ಸ್ ಸಹ, ಕಾಣುವಂತಿರಲಿ, ಸದ್ದು ಕೇಳುವಂತಿರಲಿ, ಓಡಿದ ದೂರದ ಮೀಟರ್ ಕೂಡ ಅದೇ ವಿಡಿಯೊದಲ್ಲಿ ಬರಲಿ. ಮಾರುವಾಗ ಆ ಎರಡು ನಿಮಿಷದ ವಿಡಿಯೊದಷ್ಟು ನೆರವಾಗುವುದು ಬೇರೆ ಇಲ್ಲ.

ಓಡಿಸುವಾಗ ಕಿವಿಗೆ ಕೆಲಸ ಕೊಡಿ. ನ್ಯೂಟ್ರಲ್‌ನಲ್ಲಿ, ಕ್ಲಚ್ ಬಿಟ್ಟಿರುವಾಗ ಬರುವ ಗೊರಗೊರ ಸದ್ದು ಕ್ಲಚ್ ಒತ್ತಿದ ಕೂಡಲೇ ನಿಂತರೆ ಇನ್‌ಪುಟ್ ಶಾಫ್ಟ್ ಅಥವಾ ಕೌಂಟರ್ ಶಾಫ್ಟಿನ (ಗೇರುಗಳ ಮೂಲಕ ಶಕ್ತಿ ದಾಟಿಸುವ ಒಳಗಿನ ಜೊತೆ ಶಾಫ್ಟ್) ಬೇರಿಂಗ್ ಮೇಲೆ ಅನುಮಾನ. ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗ್. ಗೇರ್‌ಬಾಕ್ಸಿಗೆ ಆ ಕಳಂಕ ಹಚ್ಚಬೇಕಿಲ್ಲ. ನಾಲ್ಕನೇ ಗೇರ್ ನೇರ ಚಾಲನೆಯಾಗಿರುವ (ಇನ್‌ಪುಟ್, ಔಟ್‌ಪುಟ್ ಒಂದೇ ವೇಗದಲ್ಲಿ ಸುತ್ತುವ) ಹಿಂಬದಿ ಚಾಲನೆಯ ಪೆಟ್ಟಿಗೆಯಲ್ಲಿ ಉಳಿದೆಲ್ಲ ಗೇರುಗಳಲ್ಲಿ ಸದ್ದಿದ್ದು ನಾಲ್ಕರಲ್ಲಿ ಮಾತ್ರ ತಣ್ಣಗಾದರೆ ಕೌಂಟರ್ ಶಾಫ್ಟ್ ಸವೆದಿದೆ. ನೇರ ಚಾಲನೆಯಲ್ಲಿ ಅದು ಸುತ್ತುತ್ತದೆ, ಭಾರ ಹೊರುವುದಿಲ್ಲ. ಎರಡನೇ ಗೇರಿಗೆ ಹಾಕುವಾಗ ಕರಕರ ಎಂದರೆ ಗೇರ್ ಬೀಳುವ ಮುನ್ನ ವೇಗ ಹೊಂದಿಸುವ ಸಿಂಕ್ರೋ ರಿಂಗ್ ಸವೆದಿರುತ್ತದೆ. ಸಾಮಾನ್ಯವಾಗಿ ಮೊದಲು ಸೋಲುವುದು ಎರಡನೆಯದೇ. ಇದು ಬೆಲೆ ಇಳಿಸುವ ದೋಷ, ಬೆಲೆ ಕಳೆಯುವ ದೋಷವಲ್ಲ. ಆಕ್ಸಿಲರೇಟರ್ ಬಿಟ್ಟೊಡನೆ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರಿದರೆ ಮಾತ್ರ ಅದನ್ನು ‘ಸುಸ್ಥಿತಿಯಲ್ಲಿದೆ’ ಎಂದು ಮಾರುವ ಯೋಚನೆ ಬಿಡಿ.

ಇಳಿಸಿದ ಪೆಟ್ಟಿಗೆಯಾದರೆ ಆಯಿಲ್‌ ನೋಡಿ. ನನಗೆ ಹೆಚ್ಚು ನಂಬಿಕೆ ಇರುವ ಪರೀಕ್ಷೆ ಇದು. ಬಿಳಿಯ, ಶುಭ್ರವಾದ ಟ್ರೇ ಕೆಳಗಿಟ್ಟು ಡ್ರೈನ್ ಪ್ಲಗ್ ಬಿಚ್ಚಿ. ಮೊದಲು ತುಂಬುವ ಮೇಲಿನ ಪ್ಲಗ್ ಸಡಿಲವಾಗುತ್ತದೆಯೇ ಎಂದು ನೋಡಿಕೊಂಡಿರಿ. ಆಯಿಲ್ ಇಳಿಯುವಾಗ ಬೆಳಕಿಗೆ ಹಿಡಿದು ನೋಡಿ. ಹಾಲು ಬೆರೆತಂತಿದ್ದರೆ ಒಳಗೆ ನೀರು ಹೋಗಿದೆ, ಬೇರಿಂಗುಗಳಿಗೆ ತುಕ್ಕು ಹಿಡಿದಿರಬಹುದು. ಸುಟ್ಟ ವಾಸನೆ ಇದ್ದು ಕಪ್ಪಾಗಿದ್ದರೆ ಆಯಿಲ್ ಕಡಿಮೆಯಾಗಿ ಓಡಿದೆ. ಕೆಂಪಾಗಿದ್ದರೆ ಗಾಬರಿ ಬೇಡ: ಟಿ-56, ‘ವರ್ಲ್ಡ್ ಕ್ಲಾಸ್’ ಎಂದು ಕರೆಯುವ ಟಿ-5 ಮುಂತಾದ ಮ್ಯಾನ್ಯುವಲ್ ಪೆಟ್ಟಿಗೆಗಳಿಗೆ ಆಟೊಮ್ಯಾಟಿಕ್ ಪೆಟ್ಟಿಗೆಯ ಕೆಂಪು ಆಯಿಲ್ಲೇ ಸರಿ.

ಡ್ರೈನ್ ಪ್ಲಗ್ಗಿಗೆ ಮ್ಯಾಗ್ನೆಟ್ ಇದ್ದರೆ ಅದಕ್ಕೆ ಅಂಟಿದ್ದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಮೆತ್ತಗೆ ಉಜ್ಜಿ. ನುಣ್ಣಗಿನ ಬೂದು ಲೇಪದಂತಿದ್ದು ಬೆರಳಿಗೆ ಏನೂ ಚುಚ್ಚದಿದ್ದರೆ ಅದು ವಯಸ್ಸಿನ ಸವೆತ, ಚಿಂತೆ ಬೇಡ. ಉಗುರಿಗೆ ಸಿಗುವಂಥ ಚೂರು ಬಂದರೆ ಅದನ್ನು ತೊಳೆದು ನೋಡಿ. ಒಂದು ಬದಿ ನಯವಾಗಿದ್ದು ಇನ್ನೊಂದು ಬದಿ ಮುರಿದ ಕಲ್ಲಿನಂತೆ ಒರಟಾಗಿದ್ದರೆ ಗೇರಿನ ಹಲ್ಲಿನ ತುಂಡು. ತೆಳುವಾದ ಹೊಪ್ಪಳೆಯಂತಿದ್ದರೆ ಬೇರಿಂಗಿನ ಮೇಲ್ಮೈ ಕಿತ್ತು ಬರುತ್ತಿದೆ. ಟ್ರೇಯ ತಳದಲ್ಲಿ ಮ್ಯಾಗ್ನೆಟ್ಟಿಗೆ ಅಂಟದ ಹೊಂಬಣ್ಣದ ಪುಡಿ ಕಂಡರೆ ಅದು ಹಿತ್ತಾಳೆ, ಅಂದರೆ ಸಿಂಕ್ರೋ ರಿಂಗುಗಳದ್ದು. ಒಂದಿಷ್ಟು ಮಿನುಗು ಸಹಜ. ಆಯಿಲ್ ತುಂಬ ಚಿನ್ನದ ಪುಡಿ ಕಲಸಿದಂತಿದ್ದರೆ ರಿಂಗುಗಳ ಆಯಸ್ಸು ಮುಗಿಯುತ್ತಿದೆ. ಹಳೆಯ ಪೆಟ್ಟಿಗೆಗೆ ಜಿಎಲ್-4 ದರ್ಜೆಯ ಆಯಿಲ್ ಬೇಕಾದಲ್ಲಿ ಜಿಎಲ್-5 ದರ್ಜೆಯದನ್ನು ಹಾಕಿದ್ದರೂ ಹಿತ್ತಾಳೆಗೆ ಪೆಟ್ಟು ಬೀಳಬಹುದು. ಜಿಎಲ್-5ರಲ್ಲಿ ಗಂಧಕ-ರಂಜಕದ ಸೇರ್ಪಡೆಗಳು ಹೆಚ್ಚು. ಟ್ರೇಯ ಚಿತ್ರವನ್ನೂ ಪ್ಲಗ್ಗಿನ ಚಿತ್ರವನ್ನೂ ಒರೆಸುವ ಮೊದಲೇ ತೆಗೆದಿಟ್ಟುಕೊಳ್ಳಿ.

ಇನ್‌ಪುಟ್ ಶಾಫ್ಟಿನ ತುದಿ ಅತ್ತಿತ್ತ ಸ್ವಲ್ಪ ಅಲ್ಲಾಡುತ್ತದೆ ಎಂದು ಬೆಲೆ ಇಳಿಸುವ ಗಿರಾಕಿಗಳಿದ್ದಾರೆ. ಕಾರಿನಲ್ಲಿದ್ದಾಗ ಆ ತುದಿ ಎಂಜಿನ್ ಕಡೆಯ ಪೈಲಟ್ ಬೇರಿಂಗಿನಲ್ಲಿ ಕೂರುತ್ತದೆ. ಹೊರಗಿದ್ದಾಗ ಅದಕ್ಕೆ ಆಸರೆ ಇಲ್ಲ, ಒಂದಿಷ್ಟು ಅಲ್ಲಾಟ ಸಹಜ ಎಂದು ಧೈರ್ಯವಾಗಿ ಹೇಳಿ. ಒಳಗೆ ಹೊರಗೆ ಎಳೆದಾಗ ಟಕ್ ಟಕ್ ಎಂದು ಸರಿದರೆ ಅದು ಬೇರೆ ಮಾತು. ಎಂಜಿನ್ನಿಗೆ ಕೂರುವ ಬೆಲ್ ಹೌಸಿಂಗ್‌ನ ಬೋಲ್ಟ್ ಕಿವಿಗಳಲ್ಲಿ ಬಿರುಕು, ವೆಲ್ಡಿಂಗ್ ಗುರುತು, ಸವೆದ ಸ್ಪ್ಲೈನ್ ಇವೆಯೇ ನೋಡಿ. ಆಯಿಲ್ ಸೀಲ್ ಸೋರುವುದು ದೊಡ್ಡ ವಿಷಯವಲ್ಲ. ಕೆಲವು ಪೆಟ್ಟಿಗೆಗಳಿಗೆ ಅವುಗಳದ್ದೇ ಕಾಯಿಲೆ ಇರುತ್ತದೆ: ಡಾಡ್ಜ್ ಟ್ರಕ್ಕುಗಳ ಎನ್‌ವಿ4500ರಲ್ಲಿ ಐದನೇ ಗೇರಿನ ನಟ್ ಸಡಿಲಗೊಂಡು ಆ ಗೇರೇ ಇಲ್ಲದಂತಾಗುತ್ತದೆ. ನಿಮ್ಮ ಮಾದರಿಗೆ ಹೆಸರಾದ ರೋಗ ಯಾವುದೆಂದು ತಿಳಿದುಕೊಂಡು, ಅದನ್ನೇ ಮೊದಲು ಪರೀಕ್ಷಿಸಿ.

ಲೆಕ್ಕ ಹಾಕುವುದು

ಮೊದಲು ನೆಲದ ಬೆಲೆ ತಿಳಿಯಿರಿ: ಗುಜರಿಯವರು ತೂಕಕ್ಕೆ ಏನು ಕೊಡುತ್ತಾರೆ? ಅಲ್ಯೂಮಿನಿಯಂ ಕವಚ, ಉಕ್ಕಿನ ಗೇರು ಒಟ್ಟಿಗಿದ್ದರೆ ಕಡಿಮೆ. ಬೇರ್ಪಡಿಸಿ ಕೊಟ್ಟರೆ ಹೆಚ್ಚು. ಅದಕ್ಕಿಂತ ಕೆಳಗೆ ಮಾರುವ ಪ್ರಶ್ನೆಯೇ ಇಲ್ಲ. ಆಮೇಲೆ ಅದೇ ಸಂಕೇತದ ಪೆಟ್ಟಿಗೆಗಳು ನಿಜವಾಗಿ ಎಷ್ಟಕ್ಕೆ ಮಾರಿಹೋಗಿವೆ ನೋಡಿ. ಜನ ಕೇಳುತ್ತಿರುವ ಬೆಲೆಯನ್ನು ನಂಬಬೇಡಿ. ಯಾರೂ ಕೊಡದ ಬೆಲೆಯನ್ನು ಎಷ್ಟು ಬೇಕಾದರೂ ಬರೆದಿಟ್ಟುಕೊಳ್ಳಬಹುದು.

ಸಾಗಣೆಯ ಖರ್ಚನ್ನು ಈಗಲೇ ಕಳೆಯಿರಿ. ಟಿ-5 ಸುಮಾರು 35 ಕೆ.ಜಿ., ಟಿ-56 ಸುಮಾರು 55 ಕೆ.ಜಿ., ಎರಕದ ಕಬ್ಬಿಣದ ಕವಚದ ಎನ್‌ವಿ4500 ಸುಮಾರು 90 ಕೆ.ಜಿ. ತೂಗುತ್ತದೆ. ಕೊನೆಯದನ್ನು ದೂರಕ್ಕೆ ಕಳಿಸುವ ಖರ್ಚು ಎಷ್ಟೋ ಸಲ ಲಾಭವನ್ನೇ ನುಂಗುತ್ತದೆ. ಗಿರಾಕಿಯೇ ಬಂದು ಒಯ್ಯುವಂತಿದ್ದರೆ ಬೆಲೆ ಸ್ವಲ್ಪ ಇಳಿಸಿದರೂ ಗೆದ್ದಂತೆ.

ರಿಪೇರಿ ಮಾಡಿಸಿ ಮಾರಿದರೆ ಹೇಗೆ ಎಂದು ಬಹಳ ಜನ ಕೇಳುತ್ತಾರೆ. ರಿಪೇರಿಯಿಂದ ಹೊಟ್ಟೆ ಹೊರೆಯುವವನಾದರೂ ಬೇಡ ಎಂದೇ ಹೇಳುತ್ತೇನೆ. ಬೇರಿಂಗ್, ಸಿಂಕ್ರೋ ರಿಂಗ್, ಸೀಲ್, ಕೂಲಿ ಸೇರಿ ಆಗುವ ಖರ್ಚು ಮಾರಾಟದಲ್ಲಿ ಪೂರ್ತಿ ಹಿಂತಿರುಗುವುದು ಅಪರೂಪ. ನೀವು ಮನೆಯಲ್ಲಿ ಬಿಚ್ಚಿ ಜೋಡಿಸಿದ್ದೀರಿ ಎಂದು ತಿಳಿದರೆ ಗಿರಾಕಿಯ ನಂಬಿಕೆ ಇನ್ನೂ ಕುಗ್ಗುತ್ತದೆ. ಯಾರೂ ಮುಟ್ಟದ, ಕೊಂಚ ಸವೆದ ಪೆಟ್ಟಿಗೆಯೇ ಅವನಿಗೆ ಮೇಲು. ವಿ160ಯಂಥ ಅಪರೂಪದ ಪೆಟ್ಟಿಗೆಯಾಗಿದ್ದು, ಬಿಲ್ ಸಮೇತ ನುರಿತವರಿಂದ ಮಾಡಿಸುವುದಾದರೆ ಮಾತ್ರ ಯೋಚಿಸಬಹುದು.

ಅದರ ಬದಲು ಜೊತೆಯ ಸಾಮಾನುಗಳನ್ನು ಒಟ್ಟುಗೂಡಿಸಿ. ಆಟೊಮ್ಯಾಟಿಕ್ ಕಾರನ್ನು ಮ್ಯಾನ್ಯುವಲ್ ಮಾಡುವವನಿಗೆ ಪೆಟ್ಟಿಗೆಗಿಂತ ಹೆಚ್ಚು ಕಾಡುವುದು ಅದರ ಸುತ್ತಲಿನ ಚಿಲ್ಲರೆ: ಕ್ಲಚ್ ಪೆಡಲ್ ಜೋಡಣೆ, ಮಾಸ್ಟರ್ ಮತ್ತು ಸ್ಲೇವ್ ಸಿಲಿಂಡರ್, ಫ್ಲೈವೀಲ್, ಕ್ಲಚ್ ಫೋರ್ಕ್, ಗೇರ್ ಲಿವರ್ ಮತ್ತು ಅದರ ಕೇಬಲ್, ಪೆಟ್ಟಿಗೆ ಹೊರುವ ಅಡ್ಡಪಟ್ಟಿ, ಸ್ಪೀಡೊಮೀಟರ್ ಸೆನ್ಸರ್, ಪ್ರೊಪೆಲ್ಲರ್ ಶಾಫ್ಟ್. ಒಂದೊಂದನ್ನೂ ಬೇರೆ ಬೇರೆ ಕಡೆ ಹುಡುಕುವ ಕಷ್ಟ ಅವನಿಗೆ ಗೊತ್ತು. ಎಲ್ಲವೂ ಒಂದೇ ಕಾರಿನಿಂದ ಬಂದ ಪೂರ್ಣ ಸೆಟ್ ಎಂದರೆ, ಬರೀ ಪೆಟ್ಟಿಗೆಗೆ ಬರದ ಬೆಲೆ ಬರುತ್ತದೆ. ಆದ್ದರಿಂದ ಕಾರಿನ ಮೈಯನ್ನು ಗುಜರಿಗೆ ಕೊಡುವ ಮೊದಲು ಪೆಡಲ್‌ನಿಂದ ಹಿಡಿದು ಬೋಲ್ಟ್‌ಗಳವರೆಗೆ ಬಿಚ್ಚಿ ಒಂದು ಡಬ್ಬದಲ್ಲಿ ಹಾಕಿಡಿ.

ಕೆಟ್ಟ ಪೆಟ್ಟಿಗೆಯನ್ನು ಕೆಟ್ಟದ್ದೆಂದೇ ಮಾರಿ. ಬಿರುಕಿಲ್ಲದ ಕವಚ ಬೇಕಾದವನು ಒಬ್ಬ, ಮೂರನೇ ಗೇರ್ ಮಾತ್ರ ಬೇಕಾದವನು ಇನ್ನೊಬ್ಬ ಇದ್ದೇ ಇರುತ್ತಾನೆ. ಹೊಸದಾಗಿ ಜೋಡಿಸಿ ಮಾರುವ ಕಸುಬುದಾರರೂ ಅಂಥವನ್ನು ಕೊಳ್ಳುತ್ತಾರೆ. ಸಂಕೇತದ ಚಿತ್ರ, ಯಾವ ಕಾರಿನದು, ಎಷ್ಟು ಓಡಿದೆ, ಯಾಕೆ ಇಳಿಸಿದಿರಿ, ಯಾವ ಗೇರಿನಲ್ಲಿ ಏನು ತೊಂದರೆ, ಆಯಿಲ್‌ನಲ್ಲಿ ಏನು ಸಿಕ್ಕಿತು — ಇಷ್ಟನ್ನೂ ಇದ್ದುದು ಇದ್ದಂತೆ ಬರೆಯಿರಿ. ಕಾರಿನ ಮಾಲೀಕತ್ವದ ದಾಖಲೆಯ ಪ್ರತಿಯೂ ಕೈಯಲ್ಲಿರಲಿ. ಕಳ್ಳಮಾಲಿನ ಭಯ ಗಿರಾಕಿಗಿರುತ್ತದೆ, ಅದು ನ್ಯಾಯವೂ ಹೌದು.

ಬೆಲೆ ಎರಡು ಸಲ ಇಳಿಸಿದರೂ ಯಾರೂ ವಿಚಾರಿಸದಿದ್ದರೆ ಇನ್ನು ಜಾಗ ಕೊಡಬೇಡಿ. ಅಲ್ಯೂಮಿನಿಯಂ ಒಂದು ಕಡೆ, ಉಕ್ಕು ಒಂದು ಕಡೆ, ಹಿತ್ತಾಳೆಯ ರಿಂಗುಗಳು ಇನ್ನೊಂದು ಕಡೆ ಬೇರ್ಪಡಿಸಿ ತೂಕಕ್ಕೆ ಹಾಕಿ. ಈಗ ಬಿಚ್ಚಲು ಅಡ್ಡಿಯಿಲ್ಲ. ಇಳಿಸಿದ ಆಯಿಲ್ಲನ್ನು ಚರಂಡಿಗೂ ಮಣ್ಣಿಗೂ ಸುರಿಯದೆ, ಮುಚ್ಚಳವಿರುವ ಡಬ್ಬದಲ್ಲಿ ಹಾಕಿ ಬಳಸಿದ ಆಯಿಲ್ ಸಂಗ್ರಹಿಸುವವರಿಗೆ ಒಪ್ಪಿಸಿ.